ಬೀರೂರು ಜಂಕ್ಷನ್: ಗಾಡಿ ಬದಲಿಸಲು ಇಲ್ಲಿ ಇಳಿಯಬಹುದೇ?

ಬೆಂಗಳೂರಿನಿಂದ ಶಿವಮೊಗ್ಗಕ್ಕೋ ತಾಳಗುಪ್ಪಕ್ಕೋ ನೇರ ಗಾಡಿಯಲ್ಲಿ ಹೋಗುವವರಿಗೆ ಬೀರೂರು ಅಂದರೆ ಕಿಟಕಿಯಾಚೆ ಬಂದು ಹೋಗುವ ಒಂದು ಹಳದಿ ಬೋರ್ಡು. ಈ ವಿಮರ್ಶೆ ಅವರಿಗಲ್ಲ. ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರದ ಕಡೆಯಿಂದ ಬಂದು ಹುಬ್ಬಳ್ಳಿ ದಿಕ್ಕಿನ ಗಾಡಿ ಹತ್ತಬೇಕಾದವರು, ಇಲ್ಲವೇ ಆ ದಿಕ್ಕಿನಿಂದ ಬಂದು ಮಲೆನಾಡಿನತ್ತ ತಿರುಗಬೇಕಾದವರು ಓದಲಿ ಅಂತ ಬರೆದದ್ದು. ಅಂಕ ಕೊಡುವುದಾದರೆ ಹಗಲಿನಲ್ಲಿ ಐದಕ್ಕೆ ಮೂರೂವರೆ, ಅಪರಾತ್ರಿಯಲ್ಲಿ ಎರಡು. ಒಂದೇ ನಿಲ್ದಾಣಕ್ಕೆ ಎರಡು ಅಂಕ ಏಕೆ ಅನ್ನುವುದಕ್ಕೆ ಕಾರಣ ಕಟ್ಟಡದಲ್ಲಿಲ್ಲ, ಹಳಿ ಜೋಡಿಸಿರುವ ರೀತಿಯಲ್ಲೂ ವೇಳಾಪಟ್ಟಿಯಲ್ಲೂ ಇದೆ.

ನಕ್ಷೆಯಲ್ಲಿ ನೋಡಿದರೆ ವಿಷಯ ಸರಳ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಅರಸೀಕೆರೆ, ಕಡೂರು ದಾಟಿ ಬೀರೂರಿಗೆ ಬರುತ್ತದೆ. ಇಲ್ಲಿಂದ ಮುಖ್ಯ ಮಾರ್ಗ ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರು, ದಾವಣಗೆರೆ ಅಂತ ಉತ್ತರಕ್ಕೆ ಹೋಗುತ್ತದೆ. ಕವಲು ಎಡಕ್ಕೆ ಒಡೆದು ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರದ ಮೇಲೆ ತಾಳಗುಪ್ಪದಲ್ಲಿ ಮುಗಿಯುತ್ತದೆ. ಜೋಗಕ್ಕೆ ಹತ್ತಿರದ ನಿಲ್ದಾಣ ಈ ತಾಳಗುಪ್ಪವೇ. ಬೀರೂರು–ಶಿವಮೊಗ್ಗ ಹಳಿ ಬಿದ್ದದ್ದು 1899ರಲ್ಲಿ, ಮೀಟರ್‌ಗೇಜ್ ಕಾಲದಲ್ಲಿ. ಬೀರೂರಿಗೆ ಜಂಕ್ಷನ್ ಅನ್ನುವ ಬಾಲ ಅಂಟಿಕೊಂಡದ್ದು ಅದರಿಂದ. ಈಗ ಎಲ್ಲ ಬ್ರಾಡ್‌ಗೇಜ್, ವಿದ್ಯುತ್ ತಂತಿಯೂ ಬಂದಿದೆ. ಮುಖ್ಯ ಮಾರ್ಗ ಜೋಡಿ ಹಳಿ, ಕವಲು ಮಾತ್ರ ಒಂಟಿ ಹಳಿ. ಈ ಜೋಡಿ–ಒಂಟಿಯ ವ್ಯತ್ಯಾಸ ನೆನಪಿರಲಿ, ಮುಂದಿನ ಅರ್ಧ ತೊಂದರೆಗಳು ಅದರಿಂದಲೇ ಹುಟ್ಟುತ್ತವೆ.

ಒಂದು ತಮಾಷೆ: ಬೀರೂರಿನ ನಿಲ್ದಾಣ ಸಂಕೇತ ಆರ್‌ಆರ್‌ಬಿ. ಆ ಮೂರು ಅಕ್ಷರ ಗೂಗಲ್‌ಗೆ ಹಾಕಿದರೆ ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆ, ಫಲಿತಾಂಶ, ಕೋಚಿಂಗ್ ಜಾಹೀರಾತುಗಳೇ ಬಂದು ಬೀಳುತ್ತವೆ. ರೈಲಿನ ಆಪ್‌ನಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಪಕ್ಕದ ಕಡೂರಿನ ಸಂಕೇತ ಡಿಆರ್‌ಯು. ಎರಡೂ ಜಂಕ್ಷನ್, ನಡುವೆ ಆರೇಳು ಕಿಲೋಮೀಟರ್ ಅಷ್ಟೇ. ಹೊಸಬರು ಇಲ್ಲೇ ಎಡವುತ್ತಾರೆ.

ಯಾರು ಇಲ್ಲಿ ಇಳಿಯಬಾರದು ಅನ್ನುವುದನ್ನು ಮೊದಲು ಮುಗಿಸೋಣ. ಚಿಕ್ಕಮಗಳೂರಿಗೆ ಹೋಗುವವರು ಕಡೂರಿನಲ್ಲೇ ಇಳಿಯಬೇಕು. 2013ರಲ್ಲಿ ಶುರುವಾದ ಚಿಕ್ಕಮಗಳೂರು ಹಳಿ ಒಡೆಯುವುದು ಕಡೂರಿನಲ್ಲಿ. ಮೈಸೂರು, ಹಾಸನ, ಮಂಗಳೂರಿನ ಕಡೆಗೆ ತಿರುಗುವವರಿಗೆ ಅರಸೀಕೆರೆ ಸರಿ. ಅಲ್ಲಿ ನಿಲ್ಲುವ ಗಾಡಿಗಳೂ ಹೆಚ್ಚು, ಊರೂ ದೊಡ್ಡದು. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗೆ ಕವಲು ಇರುವುದು ಚಿಕ್ಕಜಾಜೂರಿನಲ್ಲಿ. ಇನ್ನು ದಾವಣಗೆರೆಯಿಂದ ಶಿವಮೊಗ್ಗಕ್ಕೆ ರೈಲಿನಲ್ಲೇ ಹೋಗುತ್ತೇನೆ ಅನ್ನುವವರಿಗೆ ಒಂದೇ ಮಾತು: ಬೇಡ. ಬೀರೂರಿನವರೆಗೆ ಕೆಳಗಿಳಿದು ಮತ್ತೆ ಮೇಲೆ ಹತ್ತುವ ಈ ಸುತ್ತು 170 ಕಿಲೋಮೀಟರ್ ಮೀರುತ್ತದೆ. ಹೊನ್ನಾಳಿ ಮೇಲಿನ ಬಸ್ಸಿನ ದಾರಿ ಅದರ ಅರ್ಧದ ಆಸುಪಾಸಿನಲ್ಲಿ ಮುಗಿಯುತ್ತದೆ. ಹುಬ್ಬಳ್ಳಿಯಿಂದ ಜೋಗಕ್ಕೂ ಅಷ್ಟೇ, ಶಿರಸಿ ದಾರಿಯ ಬಸ್ಸೇ ವಾಸಿ. ರೈಲಿನ ಮೇಲೆ ಎಷ್ಟೇ ಪ್ರೀತಿಯಿದ್ದರೂ ತ್ರಿಕೋನದ ಎರಡು ಬದಿ ಸುತ್ತುವುದಕ್ಕೆ ಒಂದು ಮಿತಿ ಇದೆ.

ಹಾಗಾದರೆ ಬೀರೂರು ಯಾರಿಗೆ? ತರೀಕೆರೆ, ಭದ್ರಾವತಿಯಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರ, ಅದರಾಚೆಗೆ ಪುಣೆ, ಮುಂಬೈ ಕಡೆಗೆ ಹೋಗುವವರಿಗೆ ಇದು ಸರಿಯಾದ ಜಾಗ. ದೂರದ ಪ್ರಯಾಣ, ಲಗೇಜು ಜಾಸ್ತಿ, ಮಲಗಿಕೊಂಡು ಹೋಗಬೇಕು ಅನ್ನುವವರಿಗೆ ಲೆಕ್ಕ ಹೊಂದುತ್ತದೆ. ಅಜ್ಜಂಪುರ, ಹೊಸದುರ್ಗ ರೋಡ್ ಕಡೆಯವರು ಶಿವಮೊಗ್ಗದ ಗಾಡಿ ಹಿಡಿಯಲಿಕ್ಕೂ ಇದೇ ದಾರಿ, ಆದರೆ ಅಲ್ಲಿಂದ ತರೀಕೆರೆಗೆ ನೇರ ರಸ್ತೆ ಇರುವುದರಿಂದ ಅವರಲ್ಲಿ ಹೆಚ್ಚಿನವರು ರೈಲಿನ ಗೊಡವೆಗೇ ಬರುವುದಿಲ್ಲ.

ಟಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ದುಡ್ಡು ಪೋಲಾಗುವುದು ಇಲ್ಲಿ. ಜನರಲ್ ಟಿಕೆಟಿನಲ್ಲಿ ಭದ್ರಾವತಿಯಿಂದ ಹುಬ್ಬಳ್ಳಿಗೆ ಹೋಗುವುದಾದರೆ ಭದ್ರಾವತಿ ಕೌಂಟರಿನಲ್ಲೇ ‘ಹುಬ್ಬಳ್ಳಿ, ಬೀರೂರು ಮೇಲೆ’ ಅಂತ ಹೇಳಿ ಒಂದೇ ಟಿಕೆಟ್ ತೆಗೆಯಿರಿ. ಬೀರೂರಿನವರೆಗೆ ಒಂದು, ಅಲ್ಲಿ ಇಳಿದು ಓಡಿ ಸರತಿಯಲ್ಲಿ ನಿಂತು ಇನ್ನೊಂದು ಅಂತ ತುಂಡು ಮಾಡಿದರೆ ಎರಡು ನಷ್ಟ. ರೈಲ್ವೆಯ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತ ಹೋಗುತ್ತದೆ. ಜೊತೆಗೆ ಪ್ರತಿ ಟಿಕೆಟಿಗೂ ಕನಿಷ್ಠ ದರ ಅಂತ ಒಂದಿದೆ, ತುಂಡು ಮಾಡಿದವರು ಅದನ್ನು ಎರಡು ಸಲ ಕಟ್ಟಿದ ಹಾಗೆ. ಮುಂದಿನ ಗಾಡಿಗಾಗಿ ಜಂಕ್ಷನ್ನಿನಲ್ಲಿ ಕಾಯುವುದನ್ನು ಪ್ರಯಾಣ ಮುರಿದಂತೆ ಎಣಿಸುವುದಿಲ್ಲ, ಆದ್ದರಿಂದ ಒಂದೇ ಟಿಕೆಟಿನಲ್ಲಿ ಎರಡು ಗಾಡಿ ಹತ್ತುವುದಕ್ಕೆ ಅಡ್ಡಿಯಿಲ್ಲ. 200 ಕಿಲೋಮೀಟರಿಗಿಂತ ಕಡಿಮೆ ದೂರದ ಜನರಲ್ ಟಿಕೆಟ್ ತೆಗೆದ ಮೇಲೆ ಮೂರು ಗಂಟೆಯೊಳಗೆ, ಇಲ್ಲವೇ ಆ ಕಡೆಯ ಮೊದಲ ಗಾಡಿ ಹೊರಡುವುದರೊಳಗೆ, ಇವೆರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಶುರುವಾಗಬೇಕು. ಆ ಮಿತಿ ಮೀರಿದ ದೂರಕ್ಕಾದರೆ ಮೂರು ದಿನ ಮುಂಚೆಯೂ ತೆಗೆದಿಡಬಹುದು. ಭದ್ರಾವತಿ–ಹುಬ್ಬಳ್ಳಿ ಈ ಎರಡನೇ ಗುಂಪಿಗೆ ಬರುತ್ತದೆ.

ಟಿಕೆಟಿನ ಬಗೆಯೂ ಮುಖ್ಯ. ಕವಲಿನಲ್ಲಿ ಪ್ಯಾಸೆಂಜರ್ ಗಾಡಿಗೆ ಬಂದು ಮುಖ್ಯ ಮಾರ್ಗದಲ್ಲಿ ಎಕ್ಸ್‌ಪ್ರೆಸ್ ಹತ್ತುವುದಾದರೆ ಮೊದಲೇ ಎಕ್ಸ್‌ಪ್ರೆಸ್ ಟಿಕೆಟ್ಟೇ ತೆಗೆಯಿರಿ. ಎಕ್ಸ್‌ಪ್ರೆಸ್ ಟಿಕೆಟಿನಲ್ಲಿ ಪ್ಯಾಸೆಂಜರ್ ಹತ್ತಬಹುದು, ತಿರುವುಮುರುವು ನಡೆಯುವುದಿಲ್ಲ. ಗಾಡಿಯ ನಂಬರು 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್, ಜನರಲ್ ಟಿಕೆಟಿಗೂ 15 ರೂಪಾಯಿ ಹೆಚ್ಚುವರಿ ಇದೆ. ಆ 15 ರೂಪಾಯಿ ಉಳಿಸಲು ಹೋಗಿ ಟಿಸಿ ಕೈಗೆ ಸಿಕ್ಕಿ ಕನಿಷ್ಠ 250 ರೂಪಾಯಿ ದಂಡ ತೆತ್ತವರ ಕಥೆ ಪ್ರತಿ ಬೋಗಿಯಲ್ಲೂ ಇರುತ್ತದೆ. ದೊಡ್ಡ ಬಲೆ ಜನಶತಾಬ್ದಿ. ಹಗಲಿನಲ್ಲಿ ಕೈಗೆ ಸಿಗುವ ಚೊಕ್ಕ ಗಾಡಿ ಅದು, ಶಿವಮೊಗ್ಗಕ್ಕೂ ಒಂದು ಇದೆ, ಹುಬ್ಬಳ್ಳಿಗೂ ಒಂದು ಇದೆ. ಎರಡರಲ್ಲೂ ಜನರಲ್ ಬೋಗಿ ಅನ್ನುವುದೇ ಇಲ್ಲ, ಎಲ್ಲ ರಿಸರ್ವ್. ‘ಸೀಟು ಖಾಲಿ ಇದೆಯಲ್ಲ, ಕೂತರೆ ಏನಾಯಿತು’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ವಂದೇ ಭಾರತ್ ಇಲ್ಲಿ ನಿಲ್ಲುವುದೇ ಇಲ್ಲ, ಅದರ ಆಸೆ ಬಿಡಿ.

ಆಪ್‌ನಲ್ಲಿ ಕಾಗದವಿಲ್ಲದ ಜನರಲ್ ಟಿಕೆಟ್ ತೆಗೆಯುವವರು ನಿಲ್ದಾಣದ ಗೇಟಿನ ಹೊರಗೇ ಕೆಲಸ ಮುಗಿಸಿಕೊಳ್ಳಬೇಕು. ಒಳಗೆ ಕಾಲಿಟ್ಟ ಮೇಲೆ ಜಿಪಿಎಸ್ ನೋಡಿ ಆಪ್ ತಕರಾರು ತೆಗೆಯುತ್ತದೆ, ಆಗ ಗೋಡೆಗೆ ಅಂಟಿಸಿದ ಕ್ಯೂಆರ್ ಹುಡುಕಬೇಕು. ಸ್ಕ್ರೀನ್‌ಶಾಟ್ ತೋರಿಸಿದರೆ ಟಿಸಿ ಒಪ್ಪುವುದಿಲ್ಲ, ಆಪ್ ತೆರೆದೇ ತೋರಿಸಬೇಕು. ಬ್ಯಾಟರಿ ಕಡೆ ಗಮನ ಇರಲಿ.

ರಿಸರ್ವೇಶನ್ ಇರುವವರು ಎರಡು ಪಿಎನ್‌ಆರ್ ಜೋಡಿಸುವ ಸೌಲಭ್ಯವನ್ನು ಬಳಸಬೇಕು. 2019ರ ಏಪ್ರಿಲ್‌ನಿಂದ ಇದು ಇದೆ, ಆದರೂ ಬಳಸುವವರು ಕಡಿಮೆ. ಮೊದಲ ಗಾಡಿ ಬೀರೂರಿಗೆ ತಡವಾಗಿ ಬಂದು ಎರಡನೆಯದು ತಪ್ಪಿಹೋದರೆ, ಜೋಡಿಸಿದ ಟಿಕೆಟಿನ ಪ್ರಯಾಣ ಮಾಡದ ಭಾಗದ ಹಣ ರದ್ದತಿ ಶುಲ್ಕವಿಲ್ಲದೆ ವಾಪಸ್ಸು ಬರುತ್ತದೆ. ಜೋಡಿಸದೆ ಬಿಟ್ಟಿದ್ದರೆ ಎರಡನೆಯ ಟಿಕೆಟ್ ಕಸಕ್ಕೆ ಸಮ. ಷರತ್ತು: ಎರಡರಲ್ಲೂ ಪ್ರಯಾಣಿಕರ ಹೆಸರು, ವಯಸ್ಸು, ಲಿಂಗ ಒಂದೇ ಥರ ಇರಬೇಕು, ಮೊದಲ ಟಿಕೆಟ್ ಮುಗಿಯುವ ನಿಲ್ದಾಣದಲ್ಲೇ ಎರಡನೆಯದು ಶುರುವಾಗಬೇಕು. ‘ಬೀರೂರೋ ಕಡೂರೋ, ಎಲ್ಲ ಒಂದೇ’ ಅಂತ ಒಂದಕ್ಕೆ ಕಡೂರು ಹಾಕಿಬಿಟ್ಟರೆ ಜೋಡಿಸುವಾಗ ಅದೇ ತೊಡಕಾಗಬಹುದು. ಕೌಂಟರ್ ಟಿಕೆಟಾದರೆ ಮೊದಲ ಗಾಡಿ ನಿಜವಾಗಿ ಬಂದ ಹೊತ್ತಿನಿಂದ ಮೂರು ಗಂಟೆಯೊಳಗೆ ಒಪ್ಪಿಸಬೇಕು. ಇ–ಟಿಕೆಟಾದರೆ ಅಷ್ಟರಲ್ಲಿ ಆನ್‌ಲೈನಿನಲ್ಲಿ ಟಿಡಿಆರ್ (ಹಣ ವಾಪಸ್ಸು ಕೇಳುವ ಅರ್ಜಿ) ಹಾಕಬೇಕು.

ವೇಟಿಂಗ್ ಲಿಸ್ಟ್ ಬಗ್ಗೆ ಇನ್ನೊಂದು ಮಾತು. ನಡುದಾರಿಯ ನಿಲ್ದಾಣದಿಂದ ಟಿಕೆಟ್ ತೆಗೆದರೆ ಹಲವು ಗಾಡಿಗಳಲ್ಲಿ ಪೂಲ್ಡ್ ಕೋಟಾಕ್ಕೆ (ಹಲವು ನಡುದಾರಿ ನಿಲ್ದಾಣಗಳಿಗೆ ಸೇರಿಸಿ ಇಟ್ಟ ಸೀಟುಗಳ ಪಾಲಿಗೆ) ಬೀಳುತ್ತೀರಿ. ಆ ಪಟ್ಟಿ ಮುಂದೆ ಸರಿಯುವುದು ಆಮೆಯ ಥರ. ಗಾಡಿ ಹೊರಡುವ ಊರಿನಿಂದಲೇ ಟಿಕೆಟ್ ತೆಗೆದು, ಹತ್ತುವ ಜಾಗವನ್ನು ಬೀರೂರು ಅಂತ ಬದಲಿಸಿದರೆ ಕನ್ಫರ್ಮ್ ಆಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನಿಂದ ಬೀರೂರಿಗೆ ಸುಮಾರು 210 ಕಿಲೋಮೀಟರ್, ಅಷ್ಟು ದೂರದ ಹಣ ಹೆಚ್ಚು ಕೊಟ್ಟಂತಾಗುತ್ತದೆ. ಹಬ್ಬದ ದಿನಗಳಲ್ಲಿ ಕೊಡಬಹುದು, ಮಾಮೂಲಿ ವಾರದಲ್ಲಿ ದಂಡ.

ಈಗ ಈ ನಿಲ್ದಾಣದ ನಿಜವಾದ ಪ್ರಶ್ನೆ: ಎರಡು ಗಾಡಿಗಳ ನಡುವೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಹಗಲಿನಲ್ಲಿ ಒಂದೂವರೆ ಗಂಟೆ. ರಾತ್ರಿ ಹತ್ತಬೇಕಾದದ್ದು ಆ ದಿಕ್ಕಿನ ಕೊನೆಯ ಗಾಡಿಯಾದರೆ, ಕವಲಿನಿಂದ ಬರುವ ಕೊನೆಯ ಗಾಡಿಯನ್ನು ನೆಚ್ಚದೆ ಅದರ ಹಿಂದಿನದಕ್ಕೇ ಬಂದುಬಿಡಿ. ಮುಖ್ಯ ಮಾರ್ಗದ ಎಕ್ಸ್‌ಪ್ರೆಸ್ಸು ಕವಲಿನ ಗಾಡಿಗಾಗಿ ಕಾಯುತ್ತದೆ ಅಂತ ಯಾರೂ ಭಾವಿಸಬಾರದು.

ತಡ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿದ್ದರೆ ಲೆಕ್ಕ ಹಾಕುವುದು ಸುಲಭ. ಮೊದಲನೆಯದು ಒಂಟಿ ಹಳಿ. ಶಿವಮೊಗ್ಗದಿಂದ ಬೀರೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರು, ಎದುರಿನಿಂದ ಬರುವ ಪ್ರತಿ ಗಾಡಿಗೂ ಯಾವುದಾದರೊಂದು ನಿಲ್ದಾಣದ ಲೂಪಿನಲ್ಲಿ (ಪಕ್ಕದ ಹಳಿಯಲ್ಲಿ) ಒಬ್ಬರು ನಿಂತು ದಾರಿ ಬಿಡಬೇಕು. ಅದಕ್ಕೇ ‘ಕ್ರಾಸಿಂಗ್ ಇದೆ’ ಅನ್ನುವ ಮಾತು ಈ ಕವಲಿನ ಖಾಯಂ ಪ್ರಯಾಣಿಕರ ಬಾಯಲ್ಲಿ ಸದಾ ಇರುತ್ತದೆ. ಬೆಂಗಳೂರಿನಿಂದ ಬರುವ ಗಾಡಿ ಅರ್ಧ ಗಂಟೆ ತಡವಾದರೆ, ಆ ತಡ ಎದುರಿನ ಗಾಡಿಗೂ ಅಂಟುತ್ತದೆ. ಆದ್ದರಿಂದ ಆಪ್‌ನಲ್ಲಿ ನಿಮ್ಮ ಗಾಡಿಯೊಂದನ್ನೇ ನೋಡಿದರೆ ಸಾಲದು, ಆ ಹೊತ್ತಿಗೆ ಎದುರಿನಿಂದ ಬರುವ ಗಾಡಿ ಎಲ್ಲಿದೆ ಅಂತಲೂ ನೋಡಬೇಕು. ನಿಮ್ಮದು ಸರಿಯಾದ ಹೊತ್ತಿಗೆ ಹೊರಟಿದ್ದರೂ ಎದುರಿನದು ಇನ್ನೂ ಕಡೂರು ದಾಟಿಲ್ಲ ಅಂದರೆ ಮುಂದೆ ಎಲ್ಲೋ ನಿಲ್ಲಿಸುತ್ತಾರೆ ಅಂತ ಅರ್ಥ.

ಎರಡನೆಯದು ಹಳಿ ದಾಟುವುದು. ನಮ್ಮಲ್ಲಿ ಜೋಡಿ ಹಳಿಯಲ್ಲಿ ಗಾಡಿಗಳು ಎಡಗಡೆಯ ಹಳಿಯಲ್ಲಿ ಓಡುತ್ತವೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ಗಾಡಿ ಎಡ ಹಳಿಯಿಂದ ಎಡಕ್ಕೇ ಒಡೆಯುತ್ತದೆ, ಯಾರಿಗೂ ಅಡ್ಡವಿಲ್ಲ. ಶಿವಮೊಗ್ಗದಿಂದ ಬೆಂಗಳೂರಿಗೆ ಬರುವ ಗಾಡಿ ಮಾತ್ರ ಬೆಂಗಳೂರಿನ ಹಳಿ ಸೇರಬೇಕಾದರೆ ಹುಬ್ಬಳ್ಳಿಯತ್ತ ಹೋಗುವ ಹಳಿಯನ್ನು ಅಡ್ಡ ದಾಟಲೇಬೇಕು. ಅದೇ ಹೊತ್ತಿಗೆ ಹುಬ್ಬಳ್ಳಿ ಕಡೆಗೆ ಒಂದು ಎಕ್ಸ್‌ಪ್ರೆಸ್ ಬರುತ್ತಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಕೆಂಪು ದೀಪ ಬೀಳುತ್ತದೆ. ನಿಲ್ದಾಣ ಕಣ್ಣಿಗೆ ಕಾಣುತ್ತಿದ್ದರೂ ಗಾಡಿ ಹೊರಗಡೆ, ನಿಲ್ದಾಣದೊಳಗೆ ಬಿಡುವ ಹೋಮ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತಿದೆ ಅಂದರೆ ಹೆಚ್ಚಿನ ಸಲ ಕಾರಣ ಇದೇ. ಅಂಥ ಹೊತ್ತಿನಲ್ಲಿ ಕೆಳಗಿಳಿದು ಜಲ್ಲಿಯ ಮೇಲೆ ನಡೆದು ಹೋಗುವ ಸಾಹಸ ಬೇಡ. ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಸಜೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು. ದಂಡಕ್ಕಿಂತ ದೊಡ್ಡದು, ಪಕ್ಕದ ಹಳಿಯಲ್ಲಿ ಬರುವ ವಿದ್ಯುತ್ ಎಂಜಿನ್ನಿನ ಸದ್ದು ಹತ್ತಿರ ಬರುವವರೆಗೆ ಕೇಳುವುದೇ ಇಲ್ಲ. ಡೀಸೆಲ್ ಕಾಲದ ಕಿವಿ ಇಟ್ಟುಕೊಂಡವರು ಇದರಲ್ಲೇ ಮೋಸ ಹೋಗುವುದು.

ಮೂರನೆಯದು ವೇಳಾಪಟ್ಟಿಯ ಒಳಗುಟ್ಟು. ಗಾಡಿ ಕೊನೆಯ ನಿಲ್ದಾಣ ಮುಟ್ಟುವ ಮೊದಲು ವೇಳಾಪಟ್ಟಿಯಲ್ಲಿ ಹೆಚ್ಚುವರಿ ನಿಮಿಷಗಳನ್ನು ತುಂಬಿಟ್ಟಿರುತ್ತಾರೆ. ಯಶವಂತಪುರದಿಂದ ಬೆಂಗಳೂರಿನ ಐದಾರು ಕಿಲೋಮೀಟರಿಗೆ ಕೊಟ್ಟಿರುವ ಹೊತ್ತು ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. ದಾರಿಯಲ್ಲಿ ಆದ ತಡವೆಲ್ಲ ಆ ಕೊನೆಯ ತುಂಡಿನಲ್ಲಿ ಕರಗಿ, ಗಾಡಿ ‘ಸರಿಯಾದ ಸಮಯಕ್ಕೆ’ ಮುಟ್ಟಿದ ಲೆಕ್ಕ ಸಿಗುತ್ತದೆ. ಬೀರೂರಿನಂಥ ನಡುದಾರಿ ಜಂಕ್ಷನ್ನಿಗೆ ಆ ಉಪಕಾರ ಇಲ್ಲ. ಆದ್ದರಿಂದ ಒಂದು ಗಾಡಿ ಎಷ್ಟು ಶಿಸ್ತಿನದು ಅಂತ ತಿಳಿಯಲು ಅದರ ಕೊನೆಯ ನಿಲ್ದಾಣದ ದಾಖಲೆ ನೋಡಬೇಡಿ. ಆಪ್‌ನಲ್ಲಿ ಹಿಂದಿನ ಕೆಲವು ದಿನಗಳ ಓಟ ತೆಗೆದು, ಬೀರೂರಿಗೆ ಎಷ್ಟಕ್ಕೆ ಬಂದಿದೆ ಅನ್ನುವುದನ್ನಷ್ಟೇ ನೋಡಿ.

ಪ್ಲಾಟ್‌ಫಾರಂಗೆ ಬರೋಣ. ಇಲ್ಲಿನ ನಿಲುಗಡೆ ಹೆಚ್ಚಿನ ಗಾಡಿಗಳಿಗೆ ಎರಡೇ ನಿಮಿಷ. ಎಲ್‌ಎಚ್‌ಬಿ ಅನ್ನುವ ಹೊಸ ಬಗೆಯ ಬೋಗಿ ಒಂದೊಂದೂ ಹತ್ತಿರ ಹತ್ತಿರ 24 ಮೀಟರ್. 22 ಬೋಗಿಯ ಗಾಡಿ ಅಂದರೆ ಅರ್ಧ ಕಿಲೋಮೀಟರ್ ಮೀರಿದ ಉದ್ದ. ಈ ತುದಿಯಲ್ಲಿ ನಿಂತವರ ಬೋಗಿ ಆ ತುದಿಗೆ ಬಂದರೆ ಸೂಟ್‌ಕೇಸ್ ಎಳೆದುಕೊಂಡು ನಡೆಯಲು ಆರೇಳು ನಿಮಿಷ ಬೇಕು. ಸಿಗುವುದು ಎರಡು. ಆದ್ದರಿಂದ ಬೋಗಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಗಾಡಿ ಬರುವ ಮೊದಲೇ ಗೊತ್ತಿರಬೇಕು. ಬೋಗಿ ತೋರಿಸುವ ಬೋರ್ಡು ಉರಿಯುತ್ತಿದ್ದರೆ ಸರಿ. ಇಲ್ಲದಿದ್ದರೆ ಸಿಬ್ಬಂದಿಯನ್ನೋ ಪ್ಲಾಟ್‌ಫಾರಂನಲ್ಲಿ ವ್ಯಾಪಾರ ಮಾಡುವವರನ್ನೋ ‘ಎಸ್ ಫೋರ್ ಎಲ್ಲಿ ಬರುತ್ತೆ ಸಾರ್?’ ಅಂತ ಕೇಳಿ. ವ್ಯಾಪಾರದವರ ಉತ್ತರ ಬೋರ್ಡಿಗಿಂತ ನಂಬಿಗಸ್ತ, ಅವರ ಹೊಟ್ಟೆಪಾಡು ಅದರ ಮೇಲೇ ಇದೆ. ಅದೂ ಆಗದಿದ್ದರೆ ನಟ್ಟನಡುವೆ ನಿಂತುಕೊಳ್ಳಿ, ಬಂದ ಗಾಡಿಯ ಯಾವುದಾದರೂ ಬಾಗಿಲು ಹತ್ತಿ ಒಳಗಿಂದಲೇ ನಡೆದುಹೋಗಿ. ಸ್ಲೀಪರ್ ಮತ್ತು ಎಸಿ ಬೋಗಿಗಳು ಒಳಗೆ ಒಂದಕ್ಕೊಂದು ಸೇರಿರುತ್ತವೆ. ಜನರಲ್ ಬೋಗಿಯಿಂದ ಹಾಗೆ ದಾಟಬಹುದು ಅಂತ ನೆಚ್ಚಬೇಡಿ.

ಪ್ಲಾಟ್‌ಫಾರಂ ನಂಬರನ್ನು ಆಪ್ ತೋರಿಸುತ್ತದೆ ನಿಜ, ಅದು ಅಂದಾಜು. ಎರಡು ಮಾರ್ಗದ ಗಾಡಿಗಳು ಒಟ್ಟಿಗೆ ಬಂದಾಗ ಸ್ಟೇಷನ್ ಮಾಸ್ಟರು ಕೊನೆ ಗಳಿಗೆಯಲ್ಲಿ ಬದಲಿಸುವುದು ಜಂಕ್ಷನ್ನಿನಲ್ಲಿ ಮಾಮೂಲು. ಕನ್ನಡದ ಘೋಷಣೆ ಕೇಳುವವರೆಗೆ ಮೇಲುಸೇತುವೆ ದಾಟಿ ಅತ್ತ ಹೋಗಿ ಕೂರಬೇಡಿ. ವಯಸ್ಸಾದವರು ಜೊತೆಯಲ್ಲಿದ್ದರೆ ಸೇತುವೆಯ ಮೆಟ್ಟಿಲ ಬುಡದಲ್ಲೇ ಕೂತಿದ್ದು, ಘೋಷಣೆಯಾದ ಮೇಲೆ ಏಳುವುದು ಉತ್ತಮ.

ನಿಂತಿರುವ ಗಾಡಿ ಯಾವ ಕಡೆಯದು ಅನ್ನುವ ಗೊಂದಲಕ್ಕೆ ಸಿಗ್ನಲ್ಲೇ ಉತ್ತರ ಹೇಳುತ್ತದೆ. ಪ್ಲಾಟ್‌ಫಾರಂ ತುದಿಯ ಸಿಗ್ನಲ್ ಕಂಬದ ಮೇಲೆ, ಬಣ್ಣದ ದೀಪಗಳ ತಲೆಯಲ್ಲಿ, ಬಿಳಿ ದೀಪಗಳ ಒಂದು ಓರೆ ಸಾಲು ಇರುವುದನ್ನು ನೋಡಿ. ಮುಖ್ಯ ಮಾರ್ಗ ಬಿಟ್ಟು ಪಕ್ಕಕ್ಕೆ ದಾರಿ ಹಾಕಿದಾಗ ಆ ಸಾಲು ಹೊತ್ತಿಕೊಳ್ಳುತ್ತದೆ, ಯಾವ ಕಡೆಗೆ ಓರೆಯೋ ಆ ಕಡೆಗೆ ಗಾಡಿ. ಪಾಯಿಂಟ್ಸ್ (ಹಳಿ ಬದಲಿಸುವ ಜಾಗ) ಮೇಲೆ ಹಾಗೆ ಪಕ್ಕಕ್ಕೆ ಹೊರಳುವಾಗ ವೇಗ ಸಾಮಾನ್ಯವಾಗಿ ಗಂಟೆಗೆ 30 ಕಿಲೋಮೀಟರ್. ಗಾಡಿ ತೆವಳುತ್ತ ಒಳಗೆ ಬಂದರೆ ಚಾಲಕರ ಸೋಮಾರಿತನ ಅಂತ ಬೈಯಬೇಡಿ.

ಇಲ್ಲಿ ಯಾವಾಗಲಾದರೊಮ್ಮೆ ನೋಡಸಿಗುವ ಒಂದು ಕೆಲಸ ಎಂಜಿನ್ ತಿರುಗಿಸುವುದು. ಶಿವಮೊಗ್ಗದ ಕವಲೂ ಹುಬ್ಬಳ್ಳಿಯ ಹಳಿಯೂ ಬೀರೂರಿನ ಒಂದೇ ತುದಿಯಲ್ಲಿ ಒಡೆಯುವುದರಿಂದ, ಹುಬ್ಬಳ್ಳಿ ಕಡೆಯಿಂದ ಬಂದ ಗಾಡಿ ಶಿವಮೊಗ್ಗಕ್ಕೆ ಹೋಗಬೇಕಾದರೆ ಮುಖ ಬದಲಿಸಬೇಕು. ವಿಶೇಷ ಗಾಡಿಗಳು, ಗೂಡ್ಸುಗಳು ಹೀಗೆ ತಿರುಗುವಾಗ ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಕಾಯುವುದು ಬೇಸರವಾಗುವುದಿಲ್ಲ.

ಎಂಜಿನ್ ಮತ್ತು ಮೊದಲ ಬೋಗಿಯ ನಡುವೆ ಎರಡು ದಪ್ಪ ರಬ್ಬರ್ ಪೈಪುಗಳಿರುತ್ತವೆ. ಹಸಿರು ಬಳಿದದ್ದು ಬ್ರೇಕ್ ಪೈಪು, ಬಿಳಿಯದು ಫೀಡ್ ಪೈಪು. ಮೊದಲು ಎರಡೂ ಬದಿಯ ಕಾಕ್ (ಗಾಳಿ ತಡೆಯುವ ನಲ್ಲಿ) ಮುಚ್ಚುತ್ತಾರೆ, ಆಮೇಲೆ ಪೈಪು ಬಿಡಿಸುತ್ತಾರೆ. ಒಳಗೆ ಉಳಿದ ಗಾಳಿ ‘ಬುಸ್’ ಅಂತ ಹೊರಬರುತ್ತದೆ. ಕಪ್ಲಿಂಗ್ ಕಳಚಿದ ಎಂಜಿನ್ ಮುಂದಕ್ಕೆ ಹೋಗಿ, ಖಾಲಿ ಲೂಪಿನಲ್ಲಿ ಹಿಂದಕ್ಕೆ ಬಂದು, ಗಾಡಿಯ ಇನ್ನೊಂದು ತುದಿಗೆ ನಡಿಗೆಯ ವೇಗದಲ್ಲಿ ತಾಗುತ್ತದೆ. ಒಳಗೆ ಕೂತವರಿಗೆ ಒಂದು ಸಣ್ಣ ಕುಲುಕು. ಪೈಪು ಜೋಡಿಸಿ, ಕಾಕ್ ತೆರೆದು, ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ., ಫೀಡ್ ಪೈಪಿನಲ್ಲಿ 6 ಕೆ.ಜಿ. ಒತ್ತಡ ಏರುವವರೆಗೆ ಕಾಯಬೇಕು. ಅರ್ಧ ಕಿಲೋಮೀಟರ್ ಉದ್ದಕ್ಕೂ ಗಾಳಿ ತುಂಬಬೇಕಲ್ಲ, ಹೊತ್ತು ಹಿಡಿಯುವುದು ಇದಕ್ಕೇ. ಅಷ್ಟರಲ್ಲಿ ಗಾರ್ಡ್ (ಈಗಿನ ಹೆಸರು ಟ್ರೇನ್ ಮ್ಯಾನೇಜರ್) ತಮ್ಮ ಸಾಮಾನಿನೊಂದಿಗೆ ಆ ತುದಿಯಿಂದ ಈ ತುದಿಗೆ ಬರುತ್ತಾರೆ, ಹಿಂದಿನ ಬಾಲದ ದೀಪ ಹೊಸ ಬಾಲಕ್ಕೆ ಬರುತ್ತದೆ. ಕೊನೆಗೆ ಬ್ರೇಕ್ ಹಿಡಿದು ಬಿಟ್ಟು, ಒತ್ತಡ ಕೊನೆಯ ಬೋಗಿಯವರೆಗೂ ಮುಟ್ಟಿದೆಯಾ ಅಂತ ನೋಡದೆ ಗಾಡಿ ಬಿಡುವ ಹಾಗಿಲ್ಲ. ಎಲ್ಲೋ ಒಂದು ಕಾಕ್ ಅರೆ ಮುಚ್ಚಿದ್ದರೆ, ಪೈಪಿನ ವಾಷರ್ ಸೋರುತ್ತಿದ್ದರೆ ಒತ್ತಡ ನಿಲ್ಲುವುದಿಲ್ಲ, ಇಪ್ಪತ್ತು ನಿಮಿಷ ನಲವತ್ತಾಗುತ್ತದೆ. ಎಂಜಿನ್ನಿನಿಂದಲೇ ಕರೆಂಟು ಪಡೆಯುವ ಬೋಗಿಗಳಾದರೆ ಅದು ಕಳಚಿದ ಕೂಡಲೇ ಎಸಿ ನಿಲ್ಲುತ್ತದೆ. ಕೆಟ್ಟಿತು ಅಂತ ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಡುವ ಮುಂಚೆ ಕಿಟಕಿಯಾಚೆ ಒಮ್ಮೆ ನೋಡಿ.

ಹೀಗೆ ತಿರುಗಿದ ಗಾಡಿಯಲ್ಲಿ ಬೋಗಿಗಳ ಸಾಲೂ ತಿರುಗಿರುತ್ತದೆ. ಎಂಜಿನ್ನಿನ ಹಿಂದಿದ್ದ ಜನರಲ್ ಬೋಗಿ ಈಗ ಕಟ್ಟಕಡೆಗೆ. ತರೀಕೆರೆಯಲ್ಲೋ ಭದ್ರಾವತಿಯಲ್ಲೋ ಹತ್ತುವವರು ಮೂಲ ಊರಿನ ಬೋಗಿಪಟ್ಟಿ ನೋಡಿ ನಿಂತರೆ ಸರಿಯಾಗಿ ಎದುರು ತುದಿಯಲ್ಲಿರುತ್ತಾರೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವ ಮೆಮು, ಡೆಮು ಗಾಡಿಗಳಿಗೆ ಈ ಯಾವ ರಗಳೆಯೂ ಇಲ್ಲ, ಚಾಲಕರು ಆ ತುದಿಗೆ ನಡೆದು ಹೋದರೆ ಮುಗಿಯಿತು.

ರಾತ್ರಿಯ ಅಂಕ ಏಕೆ ಕಡಿಮೆ ಅಂದರೆ, ಬೆಂಗಳೂರಿನಿಂದ ಹತ್ತು, ಹನ್ನೊಂದರ ಹೊತ್ತಿಗೆ ಹೊರಡುವ ಹುಬ್ಬಳ್ಳಿ ಕಡೆಯ ಗಾಡಿಗಳು ಮೂರು–ನಾಲ್ಕು ಗಂಟೆ ಓಡಿ ಇಲ್ಲಿಗೆ ಮುಟ್ಟುವುದು ಅಪರಾತ್ರಿಯಲ್ಲಿ. ಸಂಜೆ ಕವಲಿನಿಂದ ಬಂದು ಇಳಿದವರಿಗೆ ನಡುವೆ ಐದಾರು ಗಂಟೆ ಕಾಯುವ ಪಾಳಿ. ಇಷ್ಟು ಸಣ್ಣ ಜಂಕ್ಷನ್ನಿನಲ್ಲಿ ಆ ಹೊತ್ತಿಗೆ ಸ್ಟಾಲ್ ತೆರೆದಿರುತ್ತದೆ ಅಂತ ನೆಚ್ಚಿಕೊಳ್ಳಬಾರದು. ಊಟದ ಗಂಟು, ಎರಡು ಲೀಟರ್ ನೀರು, ಹೊದಿಕೆ, ಸೊಳ್ಳೆಗೆ ಹಚ್ಚುವ ಮುಲಾಮು ಜೊತೆಯಲ್ಲಿರಲಿ. ಪ್ಲಾಟ್‌ಫಾರಂ ತುದಿಯ ಕತ್ತಲೆಯ ಬೆಂಚಿಗಿಂತ ಸ್ಟೇಷನ್ ಮಾಸ್ಟರ ಕೋಣೆಯ ಹತ್ತಿರದ ದೀಪದ ಕೆಳಗೆ ಕೂರುವುದು ಸರಿ. ವೇಟಿಂಗ್ ರೂಮಿಗೆ ಟಿಕೆಟ್ ಕೇಳಬಹುದು, ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಬೀಳ್ಕೊಡಲು ಬಂದವರ ಪ್ಲಾಟ್‌ಫಾರಂ ಟಿಕೆಟ್ 10 ರೂಪಾಯಿ, ಎರಡೇ ಗಂಟೆಗೆ ಊರ್ಜಿತ. ಗಾಡಿ ತಡವಾದಷ್ಟೂ ಅದರ ಅವಧಿ ಬೆಳೆಯುವುದಿಲ್ಲ ಅನ್ನುವುದು ನೆನಪಿರಲಿ.

ಎದುರು ದಿಕ್ಕಿನಲ್ಲಿ, ಹುಬ್ಬಳ್ಳಿಯಿಂದ ಮಲಗಿಕೊಂಡು ಬಂದು ನಡುರಾತ್ರಿ ಇಲ್ಲಿ ಇಳಿಯಬೇಕಾದವರ ಭಯ ಬೇರೆ: ನಿದ್ದೆಯಲ್ಲಿ ಬೀರೂರು ದಾಟಿಹೋಗುವುದು. 139ಕ್ಕೆ ಕರೆ ಮಾಡಿ ಪಿಎನ್‌ಆರ್ ಕೊಟ್ಟರೆ ನಿಲ್ದಾಣ ಬರುವ ಮುಂಚೆ ಎಚ್ಚರಿಸುವ ವ್ಯವಸ್ಥೆ ಇದೆ. ಫೋನಿನ ಅಲಾರಮ್ಮನ್ನು ವೇಳಾಪಟ್ಟಿಯ ಸಮಯಕ್ಕೆ ಇಡದೆ, ಹೊಸದುರ್ಗ ರೋಡ್ ದಾಟುವ ಹೊತ್ತಿಗೆ ಇಟ್ಟುಕೊಳ್ಳಿ. ಅಕಸ್ಮಾತ್ ದಾಟಿಯೇ ಹೋದರೆ ಗಾಬರಿ ಬೇಡ. ಗಾಡಿ ಕಡೂರಿನಲ್ಲಿ ನಿಲ್ಲುವುದಾದರೆ ಅಲ್ಲಿ ಇಳಿಯಿರಿ, ಇಲ್ಲದಿದ್ದರೆ ಅರಸೀಕೆರೆ ಇದೆ. ಶಿವಮೊಗ್ಗದ ಕಡೆಗೆ ಹೋಗುವ ಗಾಡಿಗಳು ಈ ಎರಡು ಊರನ್ನೂ ದಾಟಿಯೇ ಬರಬೇಕು. ಟಿಕೆಟಿಗಿಂತ ಮುಂದೆ ಬಂದದ್ದಕ್ಕೆ ಟಿಸಿ ಹತ್ತಿರ ನೀವೇ ಹೋಗಿ ಹೇಳುವುದು, ಅವರು ಬಂದು ಕೇಳುವುದಕ್ಕಿಂತ ಅಗ್ಗ.

ಕವಲಿನ ಗಾಡಿ ತಪ್ಪಿದರೆ ಇನ್ನೊಂದು ಆಸರೆ ಬಸ್ಸು. ಬೆಂಗಳೂರು–ಹೊನ್ನಾವರ ರಸ್ತೆ, ಎಲ್ಲರ ಬಾಯಲ್ಲಿ ಬಿ.ಎಚ್. ರಸ್ತೆ, ಅರಸೀಕೆರೆಯಿಂದ ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರದವರೆಗೆ ಇದೇ ಹಳಿಯ ಜೊತೆಜೊತೆಗೇ ಸಾಗುತ್ತದೆ. ರೈಲು ಮುಟ್ಟುವ ಪ್ರತಿ ಮುಖ್ಯ ಊರನ್ನೂ ಈ ರಸ್ತೆಯ ಬಸ್ಸು ಮುಟ್ಟುತ್ತದೆ. ಹಗಲಿನಲ್ಲಿ ಮುಂದಿನ ರೈಲಿಗೆ ಎರಡು ಗಂಟೆಗಿಂತ ಹೆಚ್ಚು ಕಾಯಬೇಕು ಅಂತಾದರೆ ಬಸ್ಸೇ ಮೊದಲು ಮುಟ್ಟಿಸುತ್ತದೆ. ಹುಬ್ಬಳ್ಳಿ ದಿಕ್ಕಿನ ಗಾಡಿ ತಪ್ಪಿದವರಿಗೆ ಅಂಥ ಸಮಾನಾಂತರ ರಸ್ತೆಯ ಭಾಗ್ಯ ಇಲ್ಲ. ಅದಕ್ಕೇ ಒಂದೂವರೆ ಗಂಟೆಯ ಅಂತರವನ್ನು ಆ ದಿಕ್ಕಿಗೆ ಹೋಗುವವರು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು. ಈ ಕಡೆ ತಿರುಗುವವರು ಸ್ವಲ್ಪ ಸಡಿಲ ಬಿಟ್ಟರೂ ನಡೆದೀತು.

ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಹಳಿಯ ಕೆಲಸ ನಡೆದಿದೆ. ಅದು ಮುಗಿದ ಮೇಲೆ ಶಿವಮೊಗ್ಗದವರು ಹುಬ್ಬಳ್ಳಿಗೆ ಬೀರೂರಿನ ಸುತ್ತು ಹಾಕಬೇಕಾಗಿಲ್ಲ. ತರೀಕೆರೆಯವರು ಮಾತ್ರ ಆಗಲೂ ಇಲ್ಲೇ ಇಳಿದು, ಸೇತುವೆ ಹತ್ತಿ, ಎಸ್ ಫೋರ್ ಎಲ್ಲಿ ಬರುತ್ತೆ ಅಂತ ಕೇಳುತ್ತಿರುತ್ತಾರೆ.